ಅತ್ತೆಯ ಬಾಯಲ್ಲಿ ಜಪಾನಿ ಹಾಡು

ನಮ್ಮ ಅತ್ತೆಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೂ ಹಚ್ಚೆ ಇತ್ತು. ಮಧ್ಯದಲ್ಲೊಂದು ಚೇಳು, ಸುತ್ತ ಚುಕ್ಕಿಗಳ ಸಾಲು. ಹಸಿರು ಬಣ್ಣ ಚರ್ಮದಡಿ ಹರಡಿಕೊಂಡು, ಚೇಳಿನ ಕಾಲು ಯಾವುದು ಚುಕ್ಕಿ ಯಾವುದು ಎಂದು ತಿಳಿಯದಷ್ಟು ಹಳತಾಗಿತ್ತು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಆ ಚೇಳಿನ ಕೈಯಲ್ಲಿ ತೊಡೆ ತಟ್ಟುತ್ತ ಹಾಡು ಕೇಳುತ್ತಿದ್ದರು. ಸೋಬಾನೆ ಪದವಲ್ಲ, ಸಿನಿಮಾ ಹಾಡೂ ಅಲ್ಲ. ಜಪಾನಿನ ಪಾಪ್ ಹಾಡು. ನಗಬೇಡಿ. ಕೋಗಿಲಿನ ಹಳೇ ಊರಿನಲ್ಲಿ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ, ಯಲಹಂಕ ಸಂತೆಯನ್ನೇ ದೂರದ ಪ್ರಯಾಣ ಎಂದುಕೊಂಡಿದ್ದ ಹೆಂಗಸಿನ ಕಿವಿಗೆ ಅದು ಬಿದ್ದದ್ದಕ್ಕೆ ಕಾರಣ ನಾನು.

ನಾನು ಮನೆಯಲ್ಲೇ ಕೂತು ಜಪಾನಿ ಭಾಷೆಯಿಂದ ಅನುವಾದ ಮಾಡುವವಳು. ಸಾಹಿತ್ಯ ಎಂದುಕೊಳ್ಳಬೇಡಿ. ಪೀಣ್ಯದ ಕಾರ್ಖಾನೆಗಳಿಗೆ ಬರುವ ಯಂತ್ರಗಳ ಕೈಪಿಡಿ. ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಯಾವ ದೀಪ ಕೆಂಪಾದರೆ ಎಲ್ಲವನ್ನೂ ಬಿಟ್ಟು ಓಡಬೇಕು, ಇಷ್ಟೇ. ಭಾಷೆ ಕಲಿತದ್ದು ಮತ್ತಿಕೆರೆಯ ಒಂದು ಮಹಡಿ ಕೋಣೆಯ ಕ್ಲಾಸಿನಲ್ಲಿ. ಪರೀಕ್ಷೆಗೆ ಬೇಕಾದ ವ್ಯಾಕರಣವನ್ನು ಮೇಷ್ಟ್ರು ತುರುಕಿದರು. ಭಾಷೆ ನನ್ನೊಳಗೆ ಇಳಿದದ್ದು ಮಾತ್ರ ಹಾಡುಗಳಿಂದ. ಆ ಹಾಡುಗಳಿಗೆ ಒಂದು ಚಾಳಿ ಇದೆ. ಎದೆಯಲ್ಲಿ ಇರುವುದನ್ನು ನೇರ ಹೇಳುವುದಿಲ್ಲ. ಪ್ರೀತಿ ಎನ್ನುವ ಬದಲು, ಸೈಕಲ್ಲಿನ ಹಿಂದಿನ ಸೀಟು ಇವತ್ತು ಹಗುರವಾಗಿದೆ ಅನ್ನುತ್ತಾರೆ. ಅಮ್ಮ ನೆನಪಾಗುತ್ತಾಳೆ ಎನ್ನುವ ಬದಲು, ಈ ಊರಿನ ಅಕ್ಕಿ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ ಅನ್ನುತ್ತಾರೆ. ಅಷ್ಟು ಕೇಳಿದರೆ ಸಾಕು, ನನ್ನ ಕಣ್ಣು ತುಂಬಿ ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಅತ್ತೆಗೆ ಅದು ಮೈಯೆಲ್ಲ ಉರಿ. ಒಂದು ದಿನ ಬಂದವರೇ ಕಿತ್ತು ಮೇಜಿನ ಮೇಲೆ ಹಾಕಿದರು.

“ಏನೇ ಇದು, ಕಿವಿಗೆ ಬಿರಡೆ ಜಡ್ಕೊಂಡು ಕುಂತಿದ್ದೀಯ? ಕರುದ್ರೆ ಓ ಅನ್ನಾಕಿಲ್ಲ. ಅದೇನ್ ಕೇಳ್ತೀಯೋ ನಮ್ಗೂ ಕೇಳ್ಸು, ಊರ್ ಮುಂದೆ ಕೇಳೋ ಅಂಥದ್ದಲ್ವಾ?”

ನನಗೂ ರೇಗಿತು. ಸ್ಪೀಕರಿಗೆ ಹಾಕಿ ಜೋರಾಗಿಯೇ ಬಿಟ್ಟೆ. ಎದ್ದು ಹೋಗುತ್ತಾರೆ ಎಂದುಕೊಂಡರೆ ದಂಟಿನ ಸೊಪ್ಪಿನ ಮೊರ ತಂದುಕೊಂಡು ಎದುರಿಗೇ ಕೂತರು. ಅರ್ಧ ಹಾಡು ಕೇಳಿ, “ಏನಂತಾನೆ ಇವ?” ಎಂದರು. ಹೇಳಿದೆ. ಅಲ್ಲಿಂದ ಅದೇ ಅಭ್ಯಾಸವಾಯಿತು. ಮಧ್ಯಾಹ್ನ ಊಟವಾದ ಮೇಲೆ ನಾನು ಒಂದು ಹಾಡು ಹಾಕಬೇಕು, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು, ಅತ್ತೆ ಅದಕ್ಕೆ ಪಂಚಾಯ್ತಿ ಮಾಡಬೇಕು.

ಅವರ ಬಾಯಲ್ಲಿ ‘ಹ’ ಇರಲಿಲ್ಲ. ಹೋಗು ಎಂದರೆ ಓಗು, ಹೇಳು ಎಂದರೆ ಏಳು. ಆದರೆ ಹೇಳದೆ ಉಳಿಸಿಕೊಂಡ ಮಾತು ಒಂದೂ ಇರಲಿಲ್ಲ. ತಲೆಯ ಮೇಲೆ ವಿಮಾನ ಹಾದುಹೋಗುವಾಗ ನಾವೆಲ್ಲ ಮಾತು ನಿಲ್ಲಿಸಿ ಕಾಯುತ್ತೇವೆ. ಅವರು ವಿಮಾನಕ್ಕಿಂತ ಮೇಲೇರಿಸಿ ಮುಗಿಸುತ್ತಿದ್ದರು. ಸಾರು ಕೆಟ್ಟರೆ ಕೆಟ್ಟಿತು ಅನ್ನುವರು, ಹೊಸ ಸೀರೆಯಲ್ಲಿ ನಾನು ಚೆನ್ನಾಗಿ ಕಂಡರೆ ಬೀದಿಗೆ ಕೇಳುವ ಹಾಗೆ ಅನ್ನುವರು. ಇಂಥವರಿಗೆ ಆ ಹಾಡಿನ ಜನರನ್ನು ಕಂಡರೆ ಕನಿಕರವೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. ಒಂದು ಹಾಡಿನಲ್ಲಿ ಒಬ್ಬ ಬಸ್ಸಿನ ಕಿಟಕಿಯಿಂದ ಹಳೆಯ ಗೆಳತಿಯನ್ನು ನೋಡುತ್ತಾನೆ, ಇಳಿಯದೆ ಮುಂದೆ ಹೋಗಿಬಿಡುತ್ತಾನೆ. ಅತ್ತೆ ಸೊಪ್ಪಿನ ದಂಟು ಮುರಿದು ಎಸೆದರು. “ಇಳೀಬಾರ್ದಿತ್ತಾ ಮೂದೇವಿ? ಮುಂದ್ಲು ಸ್ಟಾಪ್ನಾಗಾದ್ರೂ ಇಳ್ದು ಓಡ್‌ಬರ್ಬೇಕಪ್ಪ. ಅತ್ಕೊಂಡು ಆಡ್ ಏಳಾಕೆ ಟೇಮ್ ಐತೆ, ಇಳಿಯಾಕೆ ಇಲ್ಲ.”

ಅವರಿಗೆ ತೀರಾ ಹಿಡಿಸಿದ್ದು ಒಂದು ಹಡಗಿನ ಹಾಡು. ಒಬ್ಬಳು ಹುಡುಗಿ ಬಂದರಿಗೆ ಬಂದಿದ್ದಾಳೆ. ಹೋಗುವವನಿಗೆ ಏನೋ ಹೇಳಬೇಕು. ನಾಚಿಕೊಂಡು ಟಿಕೆಟ್ ಕೌಂಟರಿನ ಹಿಂದೆ ನಿಂತುಬಿಡುತ್ತಾಳೆ. ಹಡಗು ಹೊರಟುಹೋಗುತ್ತದೆ. ಆಮೇಲೆ ಖಾಲಿ ನೀರಿನ ಕಡೆ ನೋಡುತ್ತ ಹಾಡುತ್ತಾಳೆ: ಮಾದ ಕೊಕೊನಿ ಇರು ಯೊ. ನಾನಿನ್ನೂ ಇಲ್ಲೇ ಇದ್ದೀನಿ ಎಂದು ಅರ್ಥ. ರಾಗ ಸರಳ, ಮೇಲೆ ಹೋಗಿ ನಿಧಾನ ಇಳಿಯುವಂಥದ್ದು. ಅತ್ತೆ ಆ ಸಾಲು ಬಂದಾಗಲೆಲ್ಲ ಜೊತೆಗೆ ಗುನುಗುವರು, ಮುಗಿದ ಕೂಡಲೇ ಬಯ್ಯುವರು. “ಓದ್ಮೇಲೆ ಏಳುದ್ರೆ ಯಾರಿಗೆ ಕೇಳ್ತದೆ, ಮೀನಿಗಾ?”

ಹೀಗೇ ಕೆಲವು ವರ್ಷ ಕಳೆದವು. ಒಂದು ಬೆಳಿಗ್ಗೆ, ನಾನು ಒಂದು ಕೈಪಿಡಿಯ ಗಡುವಿನಲ್ಲಿ ಮುಳುಗಿದ್ದಾಗ, ಹಿತ್ತಿಲ ಜಗುಲಿಯಿಂದ ಮೊರ ಬಿದ್ದ ಸದ್ದಾಯಿತು. ಕೂಗು ಬರಲಿಲ್ಲ. ಅದೇ ನನ್ನನ್ನು ಎಬ್ಬಿಸಿದ್ದು. ಮೊರ ಬಿದ್ದರೆ ಮೊರಕ್ಕೆ, ಗಾಳಿಗೆ, ನನಗೆ ಮೂವರಿಗೂ ಬೈಗುಳ ಬರಬೇಕಿತ್ತು. ಓಡಿಹೋದೆ. ಗೋಡೆಗೆ ಒರಗಿ ಕೂತಿದ್ದರು. ಮುಖದ ಬಲಭಾಗ ಜೋತುಬಿದ್ದಿತ್ತು. ನನ್ನನ್ನು ನೋಡಿ ಬಾಯಿ ತೆರೆದರು, “ತ... ತ...” ಎಂದರು, ಅಷ್ಟೇ. ಅವರ ಕಣ್ಣಿನಲ್ಲಿ ಕಂಡ ಗಾಬರಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು, ಜೀವ ಉಳಿಸಿದರು. ಬಲಗೈ ಬಲಗಾಲು ಅರ್ಧ ಬಂದವು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಅದೇ ದೊಡ್ಡ ಹಿಂಸೆ. ನೀರು ಬೇಕೆಂದು ಕೈ ತೋರಿಸಿದರೆ ನಾವು ಟವೆಲ್ಲು ಕೊಡುತ್ತಿದ್ದೆವು. ದಿಂಬು ಬೇಕೆಂದರೆ ಫ್ಯಾನು ಹಾಕುತ್ತಿದ್ದೆವು. ಸಿಟ್ಟಿನಲ್ಲಿ ಲೋಟ ಎಸೆಯುವರು, ಆಮೇಲೆ ಗೋಡೆಯ ಕಡೆ ತಿರುಗಿ ಅಳುವರು. ಮಾತೇ ಊಟವಾಗಿದ್ದ ಹೆಂಗಸು, ಹಾಸಿಗೆಯಲ್ಲಿ ಹಸಿದು ಕೂತ ಹಾಗಿತ್ತು.

ಮಾತು ಕಲಿಸಲು ಯಲಹಂಕದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಮನೆಯವರೆಲ್ಲ ಅವಳನ್ನು ಸ್ಪೀಚ್ ಮೇಡಂ ಅನ್ನುತ್ತಿದ್ದೆವು. ಚಿಕ್ಕ ವಯಸ್ಸು, ಆದರೆ ಮುಚ್ಚಿಟ್ಟು ಮಾತಾಡುವವಳಲ್ಲ. “ಮೊದಲ ಕೆಲವು ತಿಂಗಳೇ ಮುಖ್ಯ ಮೇಡಂ. ಈಗ ಎಷ್ಟು ಬರತ್ತೋ ಅಷ್ಟು. ಆಮೇಲೆ ತುಂಬಾ ಕಷ್ಟ. ಗ್ಯಾಪ್ ಮಾತ್ರ ಬಿಡ್ಬೇಡಿ,” ಎಂದಳು. ಆ ಮಾತು ನನ್ನ ತಲೆಯ ಮೇಲೆ ಕತ್ತಿಯ ಹಾಗೆ ನಿಂತಿತು. ಅ, ಆ, ಅಮ್ಮ ಎಂದು ಹೇಳಿಸಿದೆವು. ಒಂದು ಅಕ್ಷರ ಹೊರಡಲಿಲ್ಲ. ದಿನಗಳು ಮಾತ್ರ ಹೋಗುತ್ತಿದ್ದವು.

ಮನೆಯಲ್ಲಿ ಹಾಡು ಹಾಕುವುದನ್ನು ಬಿಟ್ಟೇಬಿಟ್ಟಿದ್ದೆ. ಒಂದು ಮಧ್ಯಾಹ್ನ ಆ ಮೌನ ತಡೆಯಲಾರದೆ ಹಡಗಿನ ಹಾಡು ಹಾಕಿದೆ. ಪಲ್ಲವಿ ಬಂತು. ಬೆನ್ನ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ತಿರುಗಿದರೆ ಅತ್ತೆ. ಮಂಚದ ಮೇಲೆ ಕೂತು, ಎಡಗೈಯಲ್ಲಿ ತೊಡೆ ತಟ್ಟುತ್ತ, ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಮಾದ ಕೊಕೊನಿ ಇರು ಯೊ. ಅಮ್ಮ ಎನ್ನಲು ಬಾರದ ನಾಲಿಗೆ ಇದನ್ನು ಗಂಟೆ ಹೊಡೆದ ಹಾಗೆ ಹೇಳುತ್ತಿತ್ತು. ಹಾಡು ನಿಂತಿತು, ಅವರ ಮಾತೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಜೋರಾಗಿ ಅತ್ತೆವು.

ಫೋನಿನಲ್ಲಿ ಹೇಳಿದಾಗ ಸ್ಪೀಚ್ ಮೇಡಂ ಕುಣಿದಾಡಿದಳು. “ತಲೇಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ ಮೇಡಂ. ಒಂದು ಹೋದ್ರೂ ಇನ್ನೊಂದು ಉಳ್ದಿರತ್ತೆ. ಅವರ ಎಡಗೈ ಹಿಡ್ಕೊಂಡು ತಾಳ ತಟ್ಟಿ. ಅದೇ ರಾಗಕ್ಕೆ ಅವರಿಗೆ ಬೇಕಾದ ಮಾತು ಕೂರ್ಸಿ. ಆಮೇಲೆ ರಾಗ ನಿಧಾನಕ್ಕೆ ಬಿಡ್ಸೋಣ.”

ಹಾಗೆ, ಜಪಾನಿನ ಬಂದರಿನಲ್ಲಿ ನಿಂತ ಹುಡುಗಿಯ ರಾಗಕ್ಕೆ ನಾವು ಕೂರಿಸಿದ ಮೊದಲ ಮಾತು ‘ನಂಗೆ ನೀರು ಕೊಡೇ’. ಅವರ ಕೈ ಹಿಡಿದು ತಟ್ಟುತ್ತ ನಾನು ಹಾಡುವುದು, ಅವರು ನನ್ನ ಬಾಯನ್ನೇ ನೋಡುತ್ತ ಹಿಂದೆ ಬರುವುದು. ನಾನು ಜೊತೆಗಿದ್ದರೆ ಬರುತ್ತಿತ್ತು. ಮಧ್ಯದಲ್ಲಿ ನಾನು ನಿಲ್ಲಿಸಿದರೆ ಅವರೂ ಮುಗ್ಗರಿಸುತ್ತಿದ್ದರು. ಒಬ್ಬರೇ ಹೇಳಿದ ದಿನ ಗೆದ್ದ ಹಾಗೆ ಎಂದಿದ್ದಳು ಸ್ಪೀಚ್ ಮೇಡಂ. ನಾವು ಆ ದಿನಕ್ಕೆ ಕಾಯುತ್ತಿದ್ದೆವು.

ಅಷ್ಟರಲ್ಲಿ ನಾದಿನಿ ಬಂದರು. ನನ್ನ ಗಂಡನ ಅಕ್ಕ, ಟಿ. ದಾಸರಹಳ್ಳಿಗೆ ಕೊಟ್ಟಿದ್ದಾರೆ. ನಾನೂ ಅಕ್ಕ ಎಂದೇ ಕರೆಯುವುದು. ಬಾಯಿ ತಾಯಿಯಷ್ಟೇ ಜೋರು, ಕರುಳೂ ಅಷ್ಟೇ. ಪ್ರತಿ ಸಲ ಬಂದಾಗಲೂ ತಾಯಿಯ ಮುಂದೆ ಕೂತು, “ನನ್ ಎಸ್ರು ಏಳವ್ವ, ಒಂದ್ಸಲ ಕರಿಯವ್ವ,” ಎಂದು ಗೋಗರೆಯುವರು. ಅತ್ತೆ ಬಾಯಿ ತೆರೆದು, ಏನೂ ಬಾರದೆ, ತಲೆ ತಗ್ಗಿಸುವರು. ಆ ದಿನವೂ ಅದೇ ಆಯಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಮಗಳಿಗೆ ಏನಾದರೂ ಕೊಡಬೇಕೆಂದೋ ಏನೋ, ಅತ್ತೆ ತೊಡೆ ತಟ್ಟಿಕೊಂಡು ಅವರ ಮುಖ ನೋಡುತ್ತ ಜಪಾನಿ ಸಾಲನ್ನು ಹಾಡಿಬಿಟ್ಟರು.

ನಾದಿನಿಯ ಮುಖ ಬಿಳುಚಿಕೊಂಡಿತು.

“ಇದ್ಯಾವ ಭಾಷೆ?” ಎಂದರು.

“ಜಪಾನಿ ಅಕ್ಕ. ನಾನು ಹಾಕ್ತಿದ್ದ ಹಾಡು. ಸ್ಪೀಚ್ ಮೇಡಂ ಹೇಳಿದಾರೆ, ಇದರಿಂದ ಮಾತು...”

“ಎತ್ತ ಮಗಳ ಎಸ್ರು ಬರಲ್ಲ, ಇದು ಬರ್ತದಾ? ನಮ್ಮವ್ವ ಅಲ್ಲ ಕಣೇ ಇದು. ಒಳಗೆ ಇನ್ಯಾರೋ ಕುಂತವ್ರೆ.”

ನಾನು ತಲೆಯ ಎರಡು ಜಾಗದ ವಿಚಾರ ವಿವರಿಸಿದೆ. ‘ನಂಗೆ ನೀರು ಕೊಡೇ’ ಹಾಡಿಸಿ ತೋರಿಸಿದೆ. ಅದು ಇನ್ನೂ ಕೆಟ್ಟಿತು. “ಎತ್ತೋಳಿಗೆ ನೀರ್ ಕೇಳಾಕೂ ರಾಗ ಕಲ್ಸಿದ್ಯಾ? ಬೀದೀಲಿ ಬೇಡೋರಂಗೆ ಮಾಡ್ಬುಟ್ಟಲ್ಲೇ ನಮ್ಮವ್ವನ್ನ!” ಎಂದು ಸೆರಗಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಸಿಟ್ಟಿನಲ್ಲಿ ನಾನೂ ನಾಲ್ಕು ಮಾತು ತಿರುಗಿಸಿದೆ. ಈಗ ಯೋಚಿಸಿದರೆ ಅವರ ಸಂಕಟ ನನಗೆ ತಿಳಿಯುತ್ತದೆ. ಹೆಸರು ಕೇಳಿದ ಮಗಳಿಗೆ ಸಿಕ್ಕಿದ್ದು ಸೊಸೆಯ ಹಾಡು.

ಮರುದಿನವೇ ಗಾಡಿ ತಂದು, ತಾಯಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಿಂತರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಗಂಡ ಮೆತ್ತಗಿನ ಮನುಷ್ಯ. “ನಾಲ್ಕ್ ದಿನ ಇದ್ ಬರ್ಲಿ ಬಿಡೇ. ಅವಳಿಗೂ ಅಮ್ಮ ತಾನೇ?” ಎಂದರು. ನಾನು ಬಾಗಿಲಿನಿಂದ ಸರಿದೆ. ಗಾಡಿ ಹತ್ತಿಸುವಾಗ ಅತ್ತೆ ನನ್ನ ಕೈ ಬಿಡಲಿಲ್ಲ. ನಾದಿನಿಯೇ ಬೆರಳು ಬಿಡಿಸಿದರು.

ನಾಲ್ಕು ದಿನ ಹೋಗಿ ವಾರಗಳಾದವು. ಫೋನು ಮಾಡಿದರೆ, “ಉಂಡವ್ರೆ, ಮಲಗವ್ರೆ,” ಎಂಬ ಎರಡು ಮಾತು. ಸ್ಪೀಚ್ ಮೇಡಂ ಅಲ್ಲಿಗೇ ಹೋಗಿ ಬಾಗಿಲಿಂದ ವಾಪಸಾದಳು. “ಗ್ಯಾಪ್ ಜಾಸ್ತಿ ಆಗ್ತಿದೆ ಮೇಡಂ. ಕಲ್ತಿದ್ದೂ ಹೋಗತ್ತೆ,” ಎಂದಳು. ನಾನು ಗಂಡನ ಮೇಲೆ ಹರಿಹಾಯ್ದೆ. ಅವರು ಅಕ್ಕನಿಗೆ ಫೋನು ಮಾಡಿ ಏನೋ ಗೊಣಗಿ ಇಟ್ಟರು. ಮಧ್ಯಾಹ್ನ ನನ್ನ ಕೈ ತಾನಾಗಿ ಸ್ಪೀಕರಿನ ಕಡೆ ಹೋಗುತ್ತಿತ್ತು. ಯಾರಿಗೆ ಹಾಕಲಿ? ಯಂತ್ರದ ಕೈಪಿಡಿಯಲ್ಲಿ ‘ತಕ್ಷಣ ನಿಲ್ಲಿಸಿ’ ಎಂಬುದನ್ನು ‘ಮುಂದುವರಿಸಿ’ ಎಂದು ಬರೆದು, ಬೈಸಿಕೊಂಡೆ.

ಒಂದು ಸೋಮವಾರ ಸಂಜೆ ನಾದಿನಿಯ ಮಗಳು ಗುಟ್ಟಾಗಿ ಫೋನು ಮಾಡಿದಳು. ಅಜ್ಜಿ ಸರಿಯಾಗಿ ತಿನ್ನುತ್ತಿಲ್ಲ. ನಾಳೆ ಮಂಗಳವಾರ ಊರಾಚೆಯ ಅಮ್ಮನ ಗುಡಿಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಸೇರಿಕೊಂಡಿರುವುದು ಯಾರು ಎಂದು ಬಾಯಿ ಬಿಡಿಸುತ್ತಾರಂತೆ. ನನ್ನ ಗಂಡ ಅದನ್ನು ಕೇಳಿ, ಮೊದಲ ಸಲ ನನಗಿಂತ ಮುಂಚೆ ಎದ್ದು ನಿಂತರು.

ಬೆಳಿಗ್ಗೆ ಹೊರಟೆವು. ಹೆಬ್ಬಾಳದಲ್ಲಿ ಸಿಕ್ಕಿಬಿದ್ದೆವು, ಗೊರಗುಂಟೆಪಾಳ್ಯದಲ್ಲಿ ಮತ್ತೆ ಸಿಕ್ಕಿಬಿದ್ದೆವು. ಲಾರಿಗಳ ಮಧ್ಯೆ ನಮ್ಮ ಸ್ಕೂಟರು. ಗಂಡನ ಬೆನ್ನಿಗೆ ಗುದ್ದುತ್ತ, “ನುಗ್ಗಿಸ್ರೀ, ನುಗ್ಗಿಸಿ,” ಎಂದು ಕಿರುಚುತ್ತಿದ್ದೆ. ಎಲ್ಲಿ ನುಗ್ಗಿಸಬೇಕು ಪಾಪ, ಗಾಳಿಯೂ ತೂರದ ಜಾಗದಲ್ಲಿ?

ಗುಡಿ ಮುಟ್ಟಿದಾಗ ಬಿಸಿಲು ಏರಿತ್ತು. ಅಂಗಳದಲ್ಲಿ ನಾದಿನಿಯ ಮನೆಯವರು, ಅಕ್ಕಪಕ್ಕದವರು ಸುತ್ತ ನಿಂತಿದ್ದರು. ನಡುವೆ ಚಾಪೆಯ ಮೇಲೆ ಅತ್ತೆ. ಅರಿಶಿನದ ನೀರು ಹಾಕಿ ಕೂದಲೆಲ್ಲ ಒದ್ದೆ. ಕೆಲವೇ ವಾರಗಳಲ್ಲಿ ಅಷ್ಟು ಇಳಿದುಹೋಗಿದ್ದರು. ಪೂಜಾರಿ ನರೆತ ಮೀಸೆಯ ಮುದುಕ, ಕೈಯಲ್ಲಿ ಬೇವಿನ ಸೊಪ್ಪು. ಗದರುತ್ತಿರಲಿಲ್ಲ, ಮೆಲ್ಲಗೇ ಕೇಳುತ್ತಿದ್ದ. “ಯಾರವ್ವ ನೀನು? ಯಾಕ್ ಬಂದೆ? ಏಳವ್ವ.”

ಅತ್ತೆ ಬಾಯಿ ತೆರೆದರು. “ತ... ತ...” ಬೆವರು ಇಳಿಯುತ್ತಿತ್ತು. ನಾದಿನಿ ಎದುರಿಗೆ ಮಂಡಿಯೂರಿ, “ಏಳು, ಯಾರು ನೀನು? ನಮ್ಮವ್ವನ್ನ ಬುಟ್ಟು ಓಗು!” ಎಂದು ಅಳುತ್ತಿದ್ದರು. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ನಾನು ಬಿದ್ದೆ. ಎಡಗೈ ಮೇಲೆದ್ದಿತು. ತೊಡೆ ತಟ್ಟಿತು. ನಾನು ಮನಸ್ಸಿನಲ್ಲೇ, ಬೇಡ ಅತ್ತೆ, ಇಲ್ಲಿ ಬೇಡ, ಎಂದು ಕೂಗಿಕೊಂಡೆ.

“ಮಾದ ಕೊಕೊನಿ ಇರು ಯೊ.”

ಸುತ್ತ ನಿಂತವರೆಲ್ಲ ಹಿಂದೆ ಸರಿದರು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು. ಪೂಜಾರಿ ಬೇವಿನ ಸೊಪ್ಪು ಕೆಳಗಿಳಿಸಿ, “ಏನಂತಾ ಐತೆ ಇದು?” ಎಂದು ಕೇಳಿದ. ನಾದಿನಿ ನನ್ನನ್ನು ಕಂಡು ಬೆರಳು ತೋರಿಸಿದರು. “ಅವ್ಳುನ್ನ ಕೇಳಿ. ಅವ್ಳೇ ಕಲ್ಸಿರೋದು.”

ಎಲ್ಲರೂ ನನ್ನ ಕಡೆ ತಿರುಗಿದರು. ಸುಳ್ಳು ಹೇಳಬಹುದಿತ್ತು. ದೇವರ ನಾಮ ಎಂದುಬಿಡಬಹುದಿತ್ತು. ಆದರೆ ಇಷ್ಟು ವರ್ಷ ಆ ಹಾಡನ್ನು ಅತ್ತೆಗೆ ಸುಳ್ಳು ಬೆರೆಸದೆ ಹೇಳಿದ್ದೆ, ಅವರೆದುರಿಗೇ ಈಗ ಬೇರೆ ಅರ್ಥ ಹೇಳಲು ಬಾಯಿ ಬರಲಿಲ್ಲ. “ನಾನಿನ್ನೂ ಇಲ್ಲೇ ಇದ್ದೀನಿ ಅಂತ,” ಎಂದೆ.

“ನೋಡುದ್ರಾ! ಓಗಾಕಿಲ್ಲ ಅಂತೈತೆ!” ಎಂದು ಯಾರೋ ಕಿರುಚಿದರು. ನಾದಿನಿ ಎದೆ ಬಡಿದುಕೊಂಡರು. ನನ್ನ ಅನುವಾದದ ಹಣೆಬರಹಕ್ಕೆ ಬೆಂಕಿ ಬೀಳ. ಇರುವುದನ್ನು ಇದ್ದ ಹಾಗೆ ಹೇಳಿ, ಅತ್ತೆಯನ್ನು ನಾನೇ ದೆವ್ವ ಮಾಡಿ ಕೂರಿಸಿದ್ದೆ.

ಆಮೇಲೆ ನಾನು ಯೋಚಿಸಲಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಚಾಪೆಯ ಮೇಲೆ ಕೂತೆ. ಅವರ ಎಡಗೈ ಹಿಡಿದೆ, ತೊಡೆಯ ಮೇಲೆ ತಟ್ಟಿದೆ. ಅಮ್ಮನ ಗುಡಿಯ ಮುಂದೆ, ಅಷ್ಟು ಜನರ ನಡುವೆ, ನನ್ನ ಒಡಕು ಗಂಟಲಲ್ಲಿ ಶುರು ಮಾಡಿದೆ. “ನಂಗೆ...” ಮುಂದಕ್ಕೆ ಹೋಗಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತೆ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ತಾವೇ ತಟ್ಟಿಕೊಂಡರು. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

“ನಂಗೆ... ನೀರು... ಕೊಡೇ.”

ಹಾಡಿಯೇ ಹೇಳಿದರು. ಆದರೆ ಒಬ್ಬರೇ ಹೇಳಿದರು.

ನಾದಿನಿ ಬಾಯಿ ತೆರೆದಂತೆಯೇ ಕೂತಿದ್ದರು. ಅತ್ತೆ ಮತ್ತೊಮ್ಮೆ ತಟ್ಟಿ ಹಾಡಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಆ ಸಿಟ್ಟಿನ ಗುರುತು ಮಗಳಿಗೆ ಸಿಕ್ಕಿತು. ಎದ್ದು ಓಡಿಹೋಗಿ ಕೊಳಾಯಿಯಿಂದ ಚೊಂಬು ತುಂಬಿಸಿ ತಂದು ತಾಯಿಯ ಬಾಯಿಗೆ ಹಿಡಿದರು. ಅವಸರಕ್ಕೆ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಅತ್ತೆ ಗಟಗಟ ಕುಡಿದರು.

ಪೂಜಾರಿ ಬೇವಿನ ಸೊಪ್ಪನ್ನು ಪಕ್ಕಕ್ಕಿಟ್ಟ. “ದೆವ್ವ ನೀರ್ ಕೇಳಾಕಿಲ್ಲ ಕಣವ್ವ. ಬಾಯಾರಿರೋ ಮುದುಕಿ ಕೇಳ್ತದೆ. ಇಲ್ಲೇ ಇದ್ದೀನಿ ಅಂದಿದ್ದು ನಿಮ್ಮವ್ವನೇ. ಎದ್ದು ಮನೆಗೆ ಕರ್ಕೊಂಡೋಗಿ ಒಂದ್ ಮುದ್ದೆ ತಿನ್ಸಿ,” ಎಂದ. ಆ ಸಾಲನ್ನು ಅತ್ತೆ ಅರ್ಥ ತಿಳಿದೇ ಹಾಡಿದರೋ, ನಾಲಿಗೆಗೆ ಬಂದದ್ದಷ್ಟೇ ಹಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಪೀಚ್ ಮೇಡಂಗೂ ಗೊತ್ತಿಲ್ಲ. ಪೂಜಾರಿಗೆ ಮಾತ್ರ ಅನುಮಾನವಿರಲಿಲ್ಲ.

ಅವತ್ತೇ ಕೋಗಿಲಿಗೆ ವಾಪಸು ಬಂದೆವು. ಆಟೋದಲ್ಲಿ ನನ್ನ ಪಕ್ಕ ತಾಯಿಯನ್ನು ತಬ್ಬಿಕೊಂಡು ನಾದಿನಿಯೂ ಬಂದರು. ಮನೆ ಹತ್ತಿರ ಬಂದಾಗ, ನನ್ನ ಮುಖ ನೋಡದೆ ಕೇಳಿದರು.

“ನನ್ ಎಸ್ರುಗೂ ಒಂದ್ ರಾಗ ಆಕ್ತೀಯೇನಮ್ಮ?”

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. “ಹಾಕ್ತೀನಿ ಅಕ್ಕ. ನೀವೇ ಹಾಡ್ಸಿ,” ಎಂದೆ.

“ಆ ಅಡಗಿನ್ ಆಡು ಬ್ಯಾಡ. ಅಳು ಬರ್ತದೆ. ವಸಿ ನಗೋ ಅಂಥದ್ದು ನೋಡು.”

ಭಾನುವಾರ ಬಂದರೆ ಸಾಕು, ನಾದಿನಿ ಬೆಳಿಗ್ಗೆಯೇ ಹಾಜರು. ನಾನು ಹಾಡು ಹಾಕುವುದು, ಅವರು ಬೇಡ, ಇದು ಬೇಡ, ಇದು ಇರಲಿ ಎನ್ನುವುದು. ಕೊನೆಗೆ ಶಾಲೆ ಬಿಟ್ಟ ಮಕ್ಕಳ ಮೇಲಿನ ಒಂದು ಕುಣಿಯುವ ಹಾಡು ಆರಿಸಿಕೊಂಡು, ತಾಯಿಯ ಕೈ ಹಿಡಿದು ತಾವೇ ತಟ್ಟಿದರು. ಹೆಸರು ಬರಲು ಬಹಳ ದಿನ ಹಿಡಿಯಿತು. ಬಂದ ದಿನ ನಾದಿನಿ ಬೀದಿಗೆ ಓಡಿಹೋಗಿ ಸೊಪ್ಪಿನವಳನ್ನು ಕರೆದು, “ಕೇಳು ಬಾ, ನಮ್ಮವ್ವ ನನ್ನ ಕರೀತಾಳೆ,” ಎಂದು ಒಳಗೆ ಎಳೆದುಕೊಂಡು ಬಂದರು. ಎದೆಯಲ್ಲಿ ಇಟ್ಟುಕೊಳ್ಳುವುದು ಈ ವಂಶಕ್ಕೇ ಬಾರದ ವಿದ್ಯೆ.

ಕಳೆದುಕೊಂಡ ವಾರಗಳು ಮಾತ್ರ ಕಳೆದೇ ಹೋದವು. ಉದ್ದದ ಮಾತು ಅವರಿಗೆ ಮತ್ತೆ ಬರಲಿಲ್ಲ. ಸಣ್ಣ ಸಣ್ಣ ಮಾತು, ಒಂದೊಂದಕ್ಕೆ ಒಂದೊಂದು ರಾಗ. ನಮ್ಮ ಮನೆಯಲ್ಲಿ ಹಸಿವಿಗೆ ಒಂದು ಹಾಡು, ಬಚ್ಚಲಿಗೆ ಒಂದು ಹಾಡು. ಬಂದ ನೆಂಟರು ಕಣ್ಣು ಕಣ್ಣು ಬಿಡುತ್ತಿದ್ದರು. ರಾಗ ಬಿಟ್ಟು ಮಾತು ಬರುವುದು ಯಾವಾಗ ಎಂದರೆ, ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಿದ್ದಳು ಸ್ಪೀಚ್ ಮೇಡಂ. ನಾನು ಬಿಡಲಿಲ್ಲ. ಹಗಲೆಲ್ಲ ಅದೇ ಹಾಡು, ಅದೇ ಪಲ್ಲವಿ, ಅದೇ ತಾಳ. ಒಂದು ಮಧ್ಯಾಹ್ನ, ಇನ್ನೆಷ್ಟನೆಯದೋ ಸಲ ಹಡಗಿನ ಹಾಡು ಓಡುತ್ತಿದ್ದಾಗ ಮಂಚದಿಂದ ಗುಡುಗು ಬಂತು.

“ಸಾಕ್... ನಿಲ್ಸೇ... ಅದುನ್ನ!”

ರಾಗವಿರಲಿಲ್ಲ, ತಾಳವಿರಲಿಲ್ಲ. ಶುದ್ಧ ಬೈಗುಳ. ನಾನು ಓಡಿಹೋಗಿ ಅವರ ಕೆನ್ನೆ ಹಿಡಿದುಕೊಂಡು, “ಇನ್ನೊಂದ್ಸಲ ಬಯ್ಯಿ ಅತ್ತೆ, ಇನ್ನೊಂದ್ಸಲ,” ಎಂದು ಕುಣಿದೆ. ಅತ್ತೆಯೂ ಬಾಯಿ ತುಂಬ ನಕ್ಕರು. ಸಂಜೆ ಮೊಬೈಲಿನಲ್ಲಿ ನಾದಿನಿಗೆ ಅದೇ ಬೈಗುಳ ಕೇಳಿಸಿದೆವು. ಅವರು ಸಕ್ಕರೆ ಹಂಚಿದರಂತೆ.

ಮುಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು. ಮತ್ತೆ ಅದೇ ಹೆಬ್ಬಾಳದ ಆಸ್ಪತ್ರೆ. ಈ ಸಲ ಹೃದಯವೂ ಸೋತಿದೆ ಎಂದರು. ಒಳಗೆ ಕರೆದೊಯ್ಯುವ ಮುಂಚೆ ಟ್ರಾಲಿಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ನಾದಿನಿ ನಿಂತಿದ್ದೆವು. ಅತ್ತೆ ಬಾಯಿ ಆಡಿಸುತ್ತಿದ್ದರು, ಏನೂ ಬರುತ್ತಿರಲಿಲ್ಲ. ಇದ್ದಬದ್ದ ಮಾತೂ ಹೋಯಿತು ಎಂದು ನಾದಿನಿ ಕುಸಿದರು. ನಾನು ತಾಳ ತಟ್ಟಲು ಅವರ ಕೈ ಹಿಡಿಯಹೋದೆ. ಬೇಡ ಎಂದು ತಲೆಯಾಡಿಸಿದರು. ಕಣ್ಣು ಮುಚ್ಚಿ, ಒಂದೊಂದೇ ಮಾತನ್ನು ಎಲ್ಲಿಂದಲೋ ಹೊತ್ತು ತಂದ ಹಾಗೆ ಹೇಳಿದರು. ರಾಗವಿಲ್ಲದೆ ಹೇಳಿದರು.

“ನಿಮ್... ಇಬ್ರುನ್ನೂ... ಬುಟ್ಟು... ಓಗಾಕೆ... ಇಷ್ಟ ಇಲ್ಲ... ಕಣ್ರೇ.”

ವಾರ್ಡಿನವರು ಟ್ರಾಲಿ ತಳ್ಳಲು ಬಂದರು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ತವರಿನಲ್ಲಿ ಇಂಥದ್ದನ್ನು ಯಾರೂ ಯಾರಿಗೂ ಹೇಳಿದ್ದಿಲ್ಲ. ನನ್ನಮ್ಮನಿಗೂ ನಾನು ಹೇಳಿರಲಿಲ್ಲ. ಬಗ್ಗಿ ಅತ್ತೆಯ ಕಿವಿಗೆ ಬಾಯಿಟ್ಟೆ. “ನಂಗೂ ಇಷ್ಟ ಇಲ್ಲ ಅತ್ತೆ. ನೀವಂದ್ರೆ ನಂಗೆ ಪ್ರಾಣ,” ಎಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ, ಕೇಳಿಸಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಟ್ರಾಲಿಯನ್ನು ಬಿಟ್ಟೆ.